ಸಬ್‌ಸ್ಟೇಷನ್‌ನ ತಾಮ್ರದ ಕಾಡು ಕರಗಿದ ಕಥೆ

1/5
ಸಬ್‌ಸ್ಟೇಷನ್ ಅಂದ್ರೆ ನಮ್ಮ ಕಣ್ಣಿಗೆ ಬೀಳೋದು ಬೇಲಿ, ಜಲ್ಲಿಕಲ್ಲು, ಗುಂಯ್ ಅನ್ನೋ ಟ್ರಾನ್ಸ್‌ಫಾರ್ಮರ್, ತಲೆಬುರುಡೆ ಬೋರ್ಡು. ಅಸಲಿ ಕಥೆ ಇರೋದು ಕಾಲಡಿಯ ಕೇಬಲ್ ಟ್ರೆಂಚ್‌ನಲ್ಲಿ. ಅದರ ಸ್ಲ್ಯಾಬ್ ಎತ್ತಿದ್ರೆ ಒತ್ತೊತ್ತಾಗಿ ಮಲಗಿರೋ ಕಂಟ್ರೋಲ್ ಕೇಬಲ್‌ಗಳು. ಇವು ಮನೆಮನೆಗೆ ಕರೆಂಟ್ ಕೊಡೋ ತಂತಿಗಳಲ್ಲ, ಉಪಕರಣಗಳು ಒಂದಕ್ಕೊಂದು ಮಾತಾಡೋಕೆ ಹಾಕಿದ ತಂತಿಗಳು. "ಲೈನ್‌ನಲ್ಲಿ ಎಷ್ಟು ಕರೆಂಟ್ ಹರೀತಿದೆ?" ಅನ್ನೋದಕ್ಕೆ ಒಂದು ಜೋಡಿ, "ಬ್ರೇಕರ್ ಆನ್ ಇದೆಯಾ?" ಅನ್ನೋದಕ್ಕೆ ಇನ್ನೊಂದು, "ಟ್ರಿಪ್ ಮಾಡು" ಅನ್ನೋದಕ್ಕೆ ಮತ್ತೊಂದು.

2/5
ಇಷ್ಟೊಂದು ಯಾಕೆ ಬೇಕಿತ್ತು? ಹಳೇ ಕಾಲದ ರಿಲೇ ಅಂದ್ರೆ ಕಾಯಿಲ್, ತಿರುಗೋ ಡಿಸ್ಕ್, ಸ್ಪ್ರಿಂಗ್. ಒಂದು ರಿಲೇಗೆ ಒಂದೇ ಕೆಲಸ. ಓವರ್‌ಕರೆಂಟ್‌ಗೆ ಒಂದು, ಅರ್ಥ್ ಫಾಲ್ಟ್‌ಗೆ ಒಂದು, ಟೈಮರ್ ಬೇರೆ. ಪ್ರತಿಯೊಂದಕ್ಕೂ ಯಾರ್ಡ್‌ನಿಂದ ಕಂಟ್ರೋಲ್ ರೂಮ್‌ವರೆಗೆ ವೈರ್ ಎಳೆಯಬೇಕು. ಬಿಕಾಂ ಬುದ್ಧಿ ಬಿಡಲ್ಲ ನೋಡಿ: ತಾಮ್ರ ಬರೀ ಮೆಟೀರಿಯಲ್ ಕಾಸ್ಟ್. ಡ್ರಾಯಿಂಗ್ ಮಾಡೋದು, ಎರಡೂ ತುದಿಗೆ ನಂಬರ್ ಫೆರೂಲ್ ಹಾಕೋದು, ಒಂದೊಂದೇ ಟೆಸ್ಟ್ ಮಾಡೋದು, ಆ ಲೇಬರ್ ಎಲ್ಲಾ ಬೇರೆ!

ದುಡ್ಡಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ವೈರ್ ತುಂಡಾದ್ರೆ ಅದು ಬಾಯಿ ಬಿಟ್ಟು ಹೇಳಲ್ಲ. ಎಷ್ಟೋ ಸಲ ನಿಜವಾದ ಫಾಲ್ಟ್ ಬಂದ ದಿನವೇ ಗೊತ್ತಾಗೋದು. ಟ್ರಿಪ್ ಸರ್ಕ್ಯೂಟ್ ಸರಿ ಇದೆಯಾ ಅಂತ ಕಾಯೋಕೆ ಇನ್ನೊಂದು ರಿಲೇ ಇಡ್ತಿದ್ರು. ಅದಕ್ಕೂ ಮತ್ತೆ ವೈರ್!

3/5
1969ರಲ್ಲಿ ಅಮೆರಿಕದ ಜಾರ್ಜ್ ರಾಕ್‌ಫೆಲ್ಲರ್ (ಎಣ್ಣೆ ಕುಬೇರ ಅಲ್ಲ, ಇಂಜಿನಿಯರ್) ಒಂದು ಪ್ರಬಂಧ ಬರೆದರು: ಇಡೀ ಸಬ್‌ಸ್ಟೇಷನ್ನನ್ನ ಕಂಪ್ಯೂಟರ್ ಕಾಯಬಹುದು ಅಂತ. 1970ರ ದಶಕದ ಶುರುವಿನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಅದನ್ನ ಒಂದು ಲೈನ್ ಮೇಲೆ ಪ್ರಯೋಗಿಸಿಯೂ ನೋಡಿದ್ರು. ಆದ್ರೆ ಆಗ ಕಂಪ್ಯೂಟರ್ ರೇಟು ಯಾರ ಕೈಗೂ ಎಟುಕೋ ಹಾಗಿರಲಿಲ್ಲ. ಮೈಕ್ರೋಪ್ರೊಸೆಸರ್ ಅಗ್ಗ ಆದಮೇಲೆ, 1984ರಲ್ಲಿ, ಎಡ್ಮಂಡ್ ಶ್ವೈಟ್ಜರ್ ಅವರ ಕಂಪನಿ ಡಿಜಿಟಲ್ ರಿಲೇ ಮಾರಾಟಕ್ಕೆ ತಂತು. ಒಂದೇ ಡಬ್ಬಿ ಹಲವು ರಿಲೇಗಳ ಕೆಲಸ ಮಾಡಿ, ಫಾಲ್ಟ್ ಎಷ್ಟು ದೂರದಲ್ಲಿದೆ ಅಂತಾನೂ ಹೇಳ್ತು. ಪ್ಯಾನಲ್ ಒಳಗಿನ ಎಷ್ಟೋ ವೈರಿಂಗ್ ಸಾಫ್ಟ್‌ವೇರ್ ಆಗಿಹೋಯ್ತು. ಇಂಥ ಡಬ್ಬಿಗಳಿಗೇ ಐಇಡಿ, ಅಂದ್ರೆ ಇಂಟೆಲಿಜೆಂಟ್ ಎಲೆಕ್ಟ್ರಾನಿಕ್ ಡಿವೈಸ್ ಅಂತ ಹೆಸರು. ನ್ಯೂಸ್‌ನಲ್ಲಿ ಬರೋ ಐಇಡಿ ಅಲ್ಲ ಮಾರಾಯ್ರೆ, ಹೆದರಬೇಡಿ.

4/5
ಆದರೂ ಡಬ್ಬಿ ಡಬ್ಬಿ ನಡುವಿನ ತಂತಿ ಉಳೀತು. ಕಾರಣ, ಒಂದೊಂದು ಕಂಪನಿಯದ್ದು ಒಂದೊಂದು ಭಾಷೆ. 2003ರಿಂದ 2005ರೊಳಗೆ ಬಂದ ಐಇಸಿ 61850 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಎಲ್ಲರಿಗೂ ಒಂದೇ ಭಾಷೆ ಕೊಡ್ತು. 2004ರಲ್ಲೇ ಅದನ್ನ ಬಳಸಿದ ಮೊದಮೊದಲ ಸಬ್‌ಸ್ಟೇಷನ್‌ಗಳಲ್ಲಿ ಸ್ವಿಟ್ಜರ್ಲೆಂಡ್‌ನ ಲೌಫೆನ್‌ಬುರ್ಗ್ ಒಂದು. 1958ರಲ್ಲಿ ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್ ಗ್ರಿಡ್‌ಗಳು ಒಂದಾದದ್ದೂ ಇದೇ ಊರಲ್ಲಿ!

ಈ ಭಾಷೆಯಲ್ಲಿ ತುರ್ತು ಸಂದೇಶದ ಹೆಸರು 'ಗೂಸ್'. ಈಥರ್ನೆಟ್ ಮೇಲೆ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ತಲುಪುತ್ತೆ. ನನಗೆ ತುಂಬಾ ಇಷ್ಟವಾದದ್ದು ಈ ಸ್ಪೀಡ್ ಅಲ್ಲ. ಏನೂ ಆಗದೇ ಇದ್ದಾಗಲೂ ಗೂಸ್ "ಇದ್ದೀನಿ, ಇದ್ದೀನಿ" ಅಂತ ಸಂದೇಶ ಕಳಿಸ್ತಾನೇ ಇರುತ್ತೆ. ಅದು ನಿಂತಿತೋ, ಲಿಂಕ್ ಹೋಗಿದೆ ಅಂತ ಆಗಲೇ ಅಲಾರಂ. ತಾಮ್ರ ಮುಚ್ಚಿಡ್ತಿದ್ದದ್ದನ್ನ ಇದು ಕೂಗಿ ಹೇಳುತ್ತೆ. ಉಳಿದ ತಾಮ್ರದ ಲೆಕ್ಕಕ್ಕಿಂತ ಇದೇ ದೊಡ್ಡ ಲಾಭ ಅನ್ನೋದು ನನ್ನ ಅಭಿಪ್ರಾಯ.

ಆಮೇಲೆ ಯಾರ್ಡ್‌ಗೇ 'ಮರ್ಜಿಂಗ್ ಯೂನಿಟ್' ಬಂತು. 50 ಹರ್ಟ್ಸ್ ಲೈನ್ ಆದ್ರೆ ಸಾಮಾನ್ಯವಾಗಿ ಸೆಕೆಂಡಿಗೆ 4000 ಸಲ ಅಳೆದು, ಅಂಕಿಗಳನ್ನ ಫೈಬರ್‌ನಲ್ಲಿ ಕಳಿಸುತ್ತೆ. ಲೈನ್ ಚಾಲೂ ಇರುವಾಗ ಕರೆಂಟ್ ಟ್ರಾನ್ಸ್‌ಫಾರ್ಮರ್‌ನ ವೈರ್ ಬಿಚ್ಚಿಕೊಂಡ್ರೆ ಪ್ರಾಣ ತೆಗೆಯೋಷ್ಟು ವೋಲ್ಟೇಜ್ ಹುಟ್ಟುತ್ತೆ. ಫೈಬರ್ ಬಂದಲ್ಲಿ ಆ ಅಪಾಯ ಕಂಟ್ರೋಲ್ ರೂಮ್‌ವರೆಗೆ ಬರೋದಿಲ್ಲ. ಅಲ್ಲಿ ಕೆಲಸ ಮಾಡೋರಿಗೆ ಇದು ಸಣ್ಣ ಮಾತಲ್ಲ.

5/5
ಹಾಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ತಾಮ್ರದ ತಂತಿಯನ್ನ ದೂರದ ದೇಶದಲ್ಲಿ ಕೂತು ಹ್ಯಾಕ್ ಮಾಡೋಕಾಗಲ್ಲ. 2016ರ ಡಿಸೆಂಬರ್‌ನಲ್ಲಿ ಉಕ್ರೇನ್‌ನ ಕೀವ್ ನಗರದ ಒಂದು ಭಾಗ ಸುಮಾರು ಒಂದು ಗಂಟೆ ಕತ್ತಲಾಯ್ತು. ಸಬ್‌ಸ್ಟೇಷನ್‌ಗೆ ನುಗ್ಗಿದ 'ಇಂಡಸ್ಟ್ರಾಯರ್' ಮಾಲ್‌ವೇರ್‌ನಲ್ಲಿ ಇದೇ ಐಇಸಿ 61850 ಭಾಷೆ ಆಡೋ ಭಾಗವೂ ಇತ್ತು. ಕಳ್ಳನಿಗೂ ಭಾಷೆ ಬರುತ್ತೆ ಅಂದಮೇಲೆ, ವೈರಿಂಗ್‌ನಲ್ಲಿ ಉಳಿಸಿದ ದುಡ್ಡಲ್ಲಿ ಒಂದಿಷ್ಟು ಬೀಗಕ್ಕೆ ಹಾಕಲೇಬೇಕು.

ಅಂದಹಾಗೆ, ಡಿಜಿಟಲ್ ಅನ್ನೋ ಸಬ್‌ಸ್ಟೇಷನ್‌ನಲ್ಲೂ ತಾಮ್ರ ಪೂರ್ತಿ ಹೋಗಿಲ್ಲ. ಸಂದೇಶ ಫೈಬರ್‌ನಲ್ಲೇ ಬಂದರೂ, ಬ್ರೇಕರ್‌ನ ಟ್ರಿಪ್ ಕಾಯಿಲ್‌ಗೆ ಬ್ಯಾಟರಿಯ ಡಿಸಿ ಕರೆಂಟ್ ತಲುಪಿಸೋಕೆ ಕೊನೆಯ ಕೆಲವು ಅಡಿ ಇವತ್ತಿಗೂ ಒಂದು ಜೋಡಿ ತಂತಿಯೇ ಬೇಕು.

#ಕರೆಂಟ್‌ಕಥೆ #ಕನ್ನಡದಲ್ಲಿಇತಿಹಾಸ