ಕಾಯಿಯ ಹೋಳಿನಲ್ಲಿ ಗುರುತು: ದೇಶಪಾಂಡೆ ನಗರದ ಸೈಡಾ ಗಿಡಗಳು

ಮಳೆಗಾಲ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ಕಂಪೌಂಡ್ ಗೋಡೆಗಳ ಬುಡದಲ್ಲಿ, ಖಾಲಿ ಸೈಟುಗಳಲ್ಲಿ ಮಾಸಲು ಹಳದಿ ಹೂವಿನ ಗಿಡಗಳು ಮೊಣಕಾಲೆತ್ತರ ಬೆಳೆದು ನಿಲ್ಲುತ್ತವೆ. ಇವು ದಾಸವಾಳದ ಕುಟುಂಬದ ಸೈಡಾ ಕುಲದವು. ಭೀಮನಕಡ್ಡಿ, ಕಿಸಂಗಿ, ಹೆತ್ತುತ್ತಿ ಎಂಬ ಹೆಸರುಗಳು ಒಂದು ಗಿಡದಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತವೆ. ಇದಕ್ಕೆ ಜನರನ್ನು ದೂರುವಂತಿಲ್ಲ. ಐದು ಓರೆ ಎಸಳು, ನಡುವೆ ಕೇಸರಗಳ ಕೊಳವೆ, ದಿನಕ್ಕೆ ಕೆಲವೇ ತಾಸಿನ ಅರಳು: ಎಲ್ಲದರ ಹೂವೂ ಹೀಗೆಯೇ.

ಕುಲವನ್ನು ಗುರುತಿಸುವುದು ಸುಲಭ. ದಾಸವಾಳದ ಪುಷ್ಪಪಾತ್ರೆಯ ಹೊರಗಿರುವ ಕಿರುಎಸಳುಗಳ ಸುತ್ತು ಸೈಡಾದಲ್ಲಿಲ್ಲ. ಶ್ರೀಮುದ್ರೆಯ ಕಾಯಿಯಲ್ಲಿ ಹೋಳಿಗೆ ಒಂದಕ್ಕಿಂತ ಹೆಚ್ಚು ಬೀಜ, ಇದರಲ್ಲಿ ಒಂದೇ. ತೊಡಕು ಶುರುವಾಗುವುದು ಪ್ರಭೇದದ ಹಂತದಲ್ಲಿ, ಅದರಲ್ಲೂ ಸೈಡಾ ಅಕ್ಯೂಟ ಮತ್ತು ಸೈಡಾ ರಾಂಬಿಫೋಲಿಯಗಳ ನಡುವೆ. ಎರಡರ ಎಲೆಯೂ ಕಿರಿದಾಗಬಲ್ಲದು, ಅಂಚೂ ಗರಗಸದಂತೆಯೇ. ಎಲೆಯ ಆಕಾರ ನೋಡಿ ಹೆಸರಿಟ್ಟವರು ಎಡವಿದ್ದೇ ಹೆಚ್ಚು.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಎಲೆತೊಟ್ಟಿನ ಬುಡವನ್ನು ನೋಡಬೇಕು. ಅಕ್ಯೂಟದಲ್ಲಿ ಅಲ್ಲಿರುವ ಜೋಡಿ ಕಾವಿನೆಲೆಗಳು ಒಂದರಂತೆ ಒಂದಿಲ್ಲ: ಒಂದು ಅಗಲ, ನರಗಳು ಎದ್ದು ಕಾಣುವ ಈಟಿಯಾಕಾರ, ಇನ್ನೊಂದು ಬರೀ ದಾರ. ರಾಂಬಿಫೋಲಿಯದಲ್ಲಿ ಎರಡೂ ದಾರಗಳೇ. ಹೂತೊಟ್ಟು ಅಕ್ಯೂಟದಲ್ಲಿ ಗಿಡ್ಡ, ರಾಂಬಿಫೋಲಿಯದಲ್ಲಿ ಉದ್ದ. ಬಲಿತ ಕಾಯಿಯನ್ನು ಅಂಗೈಯಲ್ಲಿಟ್ಟು ಸೂಜಿಮೊನೆಯಿಂದ ಬಿಡಿಸಿದರೆ ಕಿತ್ತಳೆ ತೊಳೆಗಳಂತೆ ಹೋಳುಗಳು ಕಳಚುತ್ತವೆ. ಅಕ್ಯೂಟದಲ್ಲಿ ಅವು ಸಾಮಾನ್ಯವಾಗಿ 5ರಿಂದ 8, ರಾಂಬಿಫೋಲಿಯದಲ್ಲಿ 8ರಿಂದ 10. ಎಂಟು ಬಂದರೆ ಎಣಿಕೆಯೊಂದನ್ನೇ ನಂಬದೆ ಕಾವಿನೆಲೆಗೆ ಮರಳಬೇಕು.

ಮಖಮಲ್ಲಿನ ಮೈಯ ಸೈಡಾ ಕಾರ್ಡಿಫೋಲಿಯವನ್ನು ಬೆರಳೇ ಗುರುತಿಸುತ್ತದೆ. ಅದರ ಹೋಳುಗಳಿಗೆ ಹಿಂಬಾಗಿದ ರೋಮಗಳ ಉದ್ದನೆಯ ಜೋಡಿಕೋಡು. ಹೆಸರಿನಲ್ಲಿ ಅದಕ್ಕೆ ಹತ್ತಿರವಾದ ಸೈಡಾ ಕಾರ್ಡೇಟ ನೆಲಕ್ಕೆ ಹಬ್ಬುವ ಗಿಡ, ಹೋಳುಗಳು ಐದೇ, ಕೋಡಿಲ್ಲ.

ಧಾರವಾಡ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯ ಗಿಡಗಳಿಗೆ ಥಿಯೊಡೋರ್ ಕುಕ್ ಅವರ 1901–1908ರ ಗ್ರಂಥವನ್ನು ಇಂದಿಗೂ ತೆರೆಯುತ್ತೇವೆ. ಆದರೆ ಆ ಕಾಲದ ಪುಸ್ತಕಗಳಲ್ಲಿ ಅಕ್ಯೂಟವನ್ನು ಕಾರ್ಪಿನಿಫೋಲಿಯ ಎಂಬ ಹೆಸರಿನಡಿ ಹುಡುಕಬೇಕು. ಇದು ತಿಳಿಯದೆ ಹಳೆಯ ಪಟ್ಟಿಯನ್ನೂ ಹೊಸದನ್ನೂ ಹೋಲಿಸಿದರೆ ಒಂದೇ ಗಿಡ ಎರಡಾಗುತ್ತದೆ.

ಈ ಗುರುತು ಪಂಡಿತರ ಹಟವಲ್ಲ. ಆಯುರ್ವೇದದ ಬಲಾ ಎಂದರೆ ಕಾರ್ಡಿಫೋಲಿಯದ ಬೇರು. ಕೇರಳದಲ್ಲಿ ಕುರುಂತೋಟ್ಟಿ ಎಂದು ಬಳಸುವುದು ರಾಂಬಿಫೋಲಿಯ ಮತ್ತದರ ನೆಂಟರನ್ನು. ಒಣಬೇರಾಗಿ ಅಂಗಡಿ ಸೇರಿದ ಮೇಲೆ ಕಾವಿನೆಲೆಯೂ ಇಲ್ಲ, ಕಾಯಿಯೂ ಇಲ್ಲ. ಗುರುತನ್ನು ಗಿಡ ನೆಲದಲ್ಲಿರುವಾಗಲೇ ಹಿಡಿಯಬೇಕು. ಹಾಗಾಗಿ ಹೂಬಿಟ್ಟ ಟೊಂಗೆಯಷ್ಟನ್ನೇ ಒತ್ತಿಟ್ಟ ಹಾಳೆ ನನ್ನ ದೃಷ್ಟಿಯಲ್ಲಿ ಅರ್ಧ ದಾಖಲೆ. ಕಾಯಿ ಬಲಿಯುವವರೆಗೆ ಕಾದು, ಅದೇ ಗಿಡದ ಹೋಳುಗಳನ್ನು ಕಾಗದದ ಪುಟ್ಟ ಚೀಟಿಯಲ್ಲಿ ಮಡಚಿ, ಹಾಳೆಯ ಮೂಲೆಗೆ ಅಂಟಿಸಿಡಬೇಕು. ಒಣಗಿದ ಕಾಯಿ ಉದುರಿದರೂ ಎಣಿಕೆ ಅಲ್ಲಿ ಉಳಿದಿರುತ್ತದೆ.