ಜೋಡಿ ಹಚ್ಚೋದರಿಂದ ಹರಾಜಿನ ತನಕ

ನಮ್ಮ ಕಡೆ ಜಾತ್ರಿ ಅಂದ್ರ ಕುಸ್ತಿ ಇರಲೇಬೇಕು. ಮಣ್ಣು ಹದ ಮಾಡಿ, ಹಲಗಿ ಬಾರಿಸಿ, ಬಂದ ಪೈಲ್ವಾನರನ್ನ ಪಂಚರು ನಿಲ್ಲಿಸಿ ನೋಡುತ್ತಾರೆ. ತಕ್ಕಡಿ ಇಲ್ಲ, ಗಡಿಯಾರ ಇಲ್ಲ. ಕುತ್ತಿಗೆ, ತೊಡೆ, ಮುರಿದ ಕಿವಿ ನೋಡಿ ‘ಇವನಿಗೆ ಇವ’ ಅಂತ ಜೋಡಿ ಹಚ್ಚುತ್ತಾರೆ. ಸಣ್ಣ ಹುಡುಗರದು ತೆಂಗಿನಕಾಯಿ ಕುಸ್ತಿ, ಕಡೀ ಕುಸ್ತಿಗೆ ಬೆಳ್ಳಿ ಖಡೆ. ಸೋತವ ಮುಂದಿನ ವರ್ಷ ಮತ್ತ ಬರಬಹುದು. ಯಾವ ಕಾಲೇಜು ಅಂತ ಯಾರೂ ಕೇಳಂಗಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರ ಕಾಲದಲ್ಲಿ, 1912ರಲ್ಲಿ ಖಾಸಬಾಗ್ ಮೈದಾನ ಎದ್ದಾಗಲೂ ಆರಿಸುವುದು ಕಣ್ಣಳತೆಯಿಂದಲೇ.

ಕಾಲೇಜಿನ ಆಟಗಾರರನ್ನ ತಂಡಗಳು ಸರದಿಯಂತೆ ಹಂಚಿಕೊಳ್ಳುವ ಪದ್ಧತಿ ಅಮೆರಿಕದ್ದು. ಅವರ ಫುಟ್‌ಬಾಲ್ ಬೇರೆ, ಚೆಂಡನ್ನ ಕೈಯಾಗ ಹಿಡಿದು ಓಡುವ ಆಟ. 1936ರಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಒಂಬತ್ತು ತಂಡದವರು ಕೂಡಿ ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡರು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ದುರ್ಬಲನಿಗೆ ಮೊದಲ ತುತ್ತು. ನನಗ ಇದು ಹಿಡಿಸಿದ ಮಾತು. ಆದರೆ ಮೊದಲು ಆರಿಸಲ್ಪಟ್ಟ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಈಗ ಅಲ್ಲಿ ಹುಡುಗರನ್ನ 40 ಗಜ ಓಡಿಸಿ ಸೆಕೆಂಡು ಎಣಿಸುತ್ತಾರೆ, ಭಾರ ಎತ್ತಿಸುತ್ತಾರೆ. ಅಷ್ಟೆಲ್ಲ ಅಳೆದರೂ 2000ರಲ್ಲಿ ಟಾಮ್ ಬ್ರೇಡಿ 199ನೆಯವನಾಗಿ ಉಳಿದಿದ್ದ. ಮುಂದೆ ಏಳು ಸೂಪರ್ ಬೌಲ್ ಗೆದ್ದ. ಎದೆಯೊಳಗಿನ ಹಟಕ್ಕೆ ಯಾವ ಟೇಪು?

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಕಬಡ್ಡಿ. 2014ರ ಮೊದಲ ಪ್ರೊ ಕಬಡ್ಡಿ ಹರಾಜಿನಲ್ಲಿ ಪಾಟ್ನಾ ತಂಡ ರಾಕೇಶ್ ಕುಮಾರನಿಗೆ 12.80 ಲಕ್ಷ ಕೊಟ್ಟಿತು. ಅದಕ್ಕೂ ಮೊದಲು ಒಳ್ಳೆ ಆಟಗಾರನ ಗುರಿ ಅಂದ್ರ ರೈಲ್ವೆ, ಪೊಲೀಸು, ಕ್ರೀಡಾ ಕೋಟಾದ ನೌಕರಿ. ಈಗ ಪವನ್ ಸೆಹ್ರಾವತ್‌ಗೆ 2022ರಲ್ಲಿ 2.26 ಕೋಟಿ. ಆ ಋತುವಿನ ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಹೊರಗೆ ಕೂತ. ಮರುವರ್ಷ ಬೇರೆ ತಂಡ 2.605 ಕೋಟಿ ಕೊಟ್ಟಿತು.

ಹರಾಜಿಗೂ ಅಮೆರಿಕದ ಸರದಿಗೂ ಒಂದು ಭೇದ ನೋಡ್ರಿ. ಇಲ್ಲಿ ಕೊನೆಯವನಿಗೆ ಮೊದಲ ಪಾಳಿ ಇಲ್ಲ, ಎಲ್ಲ ತಂಡಕ್ಕೂ ಖರ್ಚಿನ ಮಿತಿ ಒಂದೇ. ಆದರೆ ಪಟ್ಟಿಯೊಳಗ ಹೆಸರು ಬಂದ್ರ ಮಾತ್ರ ಕೂಗು. ಹೆಸರು ಬರೋದು ಹೆಂಗ? 2023ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಫೈನಲ್ ಆಡಿದ ಎರಡು ತಂಡಗಳ ಆಟಗಾರರನ್ನ ಪಟ್ಟಿಗೆ ಸೇರಿಸಿದರು. ಒಳ್ಳೇದು. ಆದರ ಆ ಫೈನಲ್ ಮುಟ್ಟೋ ತನಕದ ದಾರಿ?

ಅಕ್ಕಲಕೋಟದ ಕಾಲೇಜು ಹುಡುಗ ಸೋಲಾಪುರ ವಿಶ್ವವಿದ್ಯಾಲಯದ ಪರ ಪಶ್ಚಿಮ ವಲಯದಾಗ ಆಡಬೇಕು. ಗಡಿ ದಾಟಿದರೆ ಅಫಜಲಪುರ. ಅಲ್ಲಿನ ಹುಡುಗ ಗುಲ್ಬರ್ಗಾ ವಿಶ್ವವಿದ್ಯಾಲಯದವ, ದಕ್ಷಿಣ ವಲಯ. ಮನಿಮಾತು ಒಂದೇ, ಬೀಗತನ ಉಂಟು, ಜಾತ್ರಿ ಕಣದಾಗ ಒಬ್ಬರನ್ನೊಬ್ಬರು ಎತ್ತಿ ಒಗೆದವರು. ಆದರ ಆರಿಸುವವರು ಬೇರೆ ಬೇರೆ. ಅದರಾಗ ತೊಗರಿ ರಾಶಿ ಹೊತ್ತಿನಾಗೇ ಆಯ್ಕೆ ಶಿಬಿರ ಬಂದ್ರ ಮನ್ಯಾಗಿಂದ ಬಿಡೋರು ಯಾರು? ಬಸ್ ಚಾರ್ಜು ಕೈಯಾಗ ಹಿಡಕೊಂಡು ಅಪ್ಪನ ಮುಖ ನೋಡುವ ಹುಡುಗನನ್ನ ಯಾವ ಆಯ್ಕೆಗಾರನೂ ನೋಡಿಲ್ಲ.

ನಮ್ಮ ಪಂಚರು ಅವನನ್ನ ನೋಡಿರತಾರ. ತೆಂಗಿನಕಾಯಿ ಕುಸ್ತಿಯಿಂದ ನೋಡತಾ ಬಂದಿರತಾರ. ಅವರ ಮಾತು ಬರೆದುಕೊಳ್ಳೋ ವಹಿ ಮಾತ್ರ ಎಲ್ಲೂ ಇಲ್ಲ.