ಹೃದಯದ ಹೆಸರಿನಲ್ಲಿ ಕಿತ್ತ ಹಲ್ಲುಗಳು

1910ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಡಿದ ಒಂದು ಭಾಷಣ ಅಸಂಖ್ಯ ಹಲ್ಲುಗಳ ಹಣೆಬರಹ ಬರೆಯಿತು. ಕೀವುಗಟ್ಟಿದ ಬೇರಿನ ಮೇಲೆ ಚಿನ್ನದ ಕವಚ ಕೂರಿಸುವ ದಂತವೈದ್ಯದ ಮೇಲೆ ಅವರು ಹರಿಹಾಯ್ದರು. ಒಳಗೆ ಮುಚ್ಚಿಟ್ಟ ಸೋಂಕೇ ಎಷ್ಟೋ ದೀರ್ಘ ಕಾಯಿಲೆಗಳ ಮೂಲವೆಂದರು. ಶಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು: ಒಂದು ಕಡೆ ಬೀಡುಬಿಟ್ಟ ಸೋಂಕು ದೂರದ ಕೀಲನ್ನೋ ಮೂತ್ರಪಿಂಡವನ್ನೋ ಹೃದಯವನ್ನೋ ಕೆಡಿಸುತ್ತದೆ. ಮುಂದಿನ ಎರಡು ದಶಕಗಳಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ನೋವೇ ಇಲ್ಲದ ಹಲ್ಲುಗಳನ್ನೂ ಸಾಲುಸಾಲಾಗಿ ಕೀಳಲಾಯಿತು. ಇಂದು ಅದೇ ಬಾಯಿಯ ಸೋಂಕನ್ನು ಹೃದಯದ ಲಯ ತಪ್ಪುವ ಕಾಯಿಲೆಗೆ, ಅದರಲ್ಲೂ ಏಟ್ರಿಯಲ್ ಫಿಬ್ರಿಲೇಷನ್‌ಗೆ ಜೋಡಿಸುವ ಸಂಶೋಧನೆಗಳು ಬರುತ್ತಿರುವಾಗ ಆ ಚರಿತ್ರೆಯನ್ನು ಮತ್ತೆ ಓದಬೇಕು. ಆ ವೈದ್ಯರ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಅನುಮಾನವನ್ನು ಒರೆಗೆ ಹಚ್ಚುವ ಮೊದಲೇ ಅವರು ಇಕ್ಕಳ ಕೈಗೆತ್ತಿಕೊಂಡರು.

ಅನುಮಾನಕ್ಕೆ ಗಟ್ಟಿ ನೆಲೆಯೇ ಇತ್ತು. ಹೃದಯದ ಕವಾಟಗಳಿಗೆ ತಗಲುವ ಎಂಡೋಕಾರ್ಡೈಟಿಸ್ ಎಂಬ ಸೋಂಕನ್ನು ವಿಲಿಯಂ ಆಸ್ಲರ್ 1885ರಲ್ಲೇ ವಿವರಿಸಿದ್ದರು. 1909ರಲ್ಲಿ ಥಾಮಸ್ ಹಾರ್ಡರ್ ಇಂಥ ರೋಗಿಗಳ ರಕ್ತದಲ್ಲಿ ಸಿಗುವ ಸ್ಟ್ರೆಪ್ಟೊಕಾಕಸ್‌ಗಳು ಬಾಯಲ್ಲಿ ವಾಸಿಸುವಂಥವೇ ಎಂದು ತೋರಿಸಿದರು. 1935ರಲ್ಲಿ ಓಕೆಲ್ ಮತ್ತು ಎಲಿಯಟ್ ಹಲ್ಲು ಕಿತ್ತ ಕೂಡಲೇ 138 ಜನರ ರಕ್ತ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಜೀವಾಣು ಸಿಕ್ಕಿತು. ಲಯದ ಸಂಬಂಧವೂ ಇಲ್ಲಿ ನೇರವಾಗಿದೆ. ಹೃದಯದ ಮಿಡಿತವನ್ನು ಸಾಗಿಸುವ ವಿದ್ಯುತ್ ಹಾದಿ ಮಹಾಪಧಮನಿಯ ಕವಾಟದ ಬುಡದ ಪಕ್ಕದಲ್ಲೇ ಹಾದುಹೋಗುತ್ತದೆ. ಸೋಂಕು ಅಲ್ಲಿ ಕೀವಿನ ಕುರುವಾದರೆ ಆ ಹಾದಿ ಕಟ್ಟಿಹೋಗುತ್ತದೆ, ಇಸಿಜಿಯಲ್ಲಿ ಹಾರ್ಟ್ ಬ್ಲಾಕ್ ಕಾಣಿಸುತ್ತದೆ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಇನ್ನೂ ಇರುವ ನಮ್ಮಂಥ ನಾಡಿನಲ್ಲಿ ಇದನ್ನು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಕೆಲವರಿಗೆ ಸತ್ಯವಾದದ್ದನ್ನು ಎಲ್ಲರಿಗೂ ಹಚ್ಚಿದಾಗ ಎಡವಟ್ಟಾಯಿತು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲಿನ ಸೋಂಕೇ ಕಾರಣವೆಂದು ನಂಬಿ ಸಾವಿರಾರು ಹಲ್ಲು ಕೀಳಿಸಿದರು, ಆಮೇಲೆ ಟಾನ್ಸಿಲ್, ಕೊನೆಗೆ ದೊಡ್ಡಕರುಳನ್ನೂ ತೆಗೆಸಿದರು. ನೂರಕ್ಕೆ 85 ಮಂದಿ ಗುಣವಾದರೆಂದು ಹೇಳಿಕೊಂಡರು. 1920ರ ದಶಕದ ನಡುವಿನಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆ ಅಲ್ಲಿನ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ತಿರುಗಾಮುರುಗಾ ಕಂಡಿತು: ಹೆಚ್ಚು ಚಿಕಿತ್ಸೆ ಪಡೆದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಆ ವರದಿಯನ್ನು ಅವರ ಮೇಲಧಿಕಾರಿ ಅಡಾಲ್ಫ್ ಮೇಯರ್ ಹೊರಬಿಡಲೇ ಇಲ್ಲ. ಈ ಇಡೀ ಅಧ್ಯಾಯದಲ್ಲಿ ಕ್ಷಮಿಸಲಾಗದ ಸಂಗತಿ ನನ್ನ ಮಟ್ಟಿಗೆ ಇದೇ. ಆಗ ಹೋಲಿಕೆ ನೋಡುವ ವಿಧಾನ ಗೊತ್ತಿರಲಿಲ್ಲ ಎಂಬ ನೆಪ ಇದರ ಮುಂದೆ ನಿಲ್ಲದು. ಕೊಳೆತ ಹಲ್ಲು ಹೋದರೆ ನಷ್ಟವೇನು ಎಂದು ಅಂದು ಕೇಳಿದವರಿದ್ದರು. ಆದರೆ ಹೋದದ್ದರಲ್ಲಿ ಗಟ್ಟಿ ಹಲ್ಲುಗಳೂ ಇದ್ದವು, ಅಗಿಯುವ ಶಕ್ತಿಯೂ ಹೋಯಿತು, ಟ್ರೆಂಟನ್‌ನಲ್ಲಿ ಪ್ರಾಣಗಳೂ ಹೋದವು. ಒಮ್ಮೆ ಇದೇ ಸಿದ್ಧಾಂತದ ಪರ ಇದ್ದ ರಸೆಲ್ ಸೆಸಿಲ್, 1938ರಲ್ಲಿ ಆಂಜವೈನ್ ಎಂಬವರ ಜೊತೆ 200 ಸಂಧಿವಾತ ರೋಗಿಗಳ ವಿವರ ಪರಿಶೀಲಿಸಿ, ಹಲ್ಲು ಕಿತ್ತದ್ದರಿಂದ ಉಪಯೋಗವಾಗಲಿಲ್ಲವೆಂದು ಬರೆದರು. ಸಿದ್ಧಾಂತ ಮೂಲೆ ಸೇರಿತು.

ಹಾಗಿದ್ದರೆ ಸತ್ತ ಸಿದ್ಧಾಂತವನ್ನು ಮತ್ತೆ ಎಬ್ಬಿಸುವುದೇಕೆ ಎಂಬ ಆಕ್ಷೇಪ ಸಹಜ. ಏಕೆಂದರೆ ಈಗಿನ ವಾದವೇ ಬೇರೆ. ಜೀವಾಣು ಹೃದಯಕ್ಕೆ ಹೋಗಿ ಕೂರಬೇಕೆಂದೇನೂ ಇಲ್ಲ; ವಸಡಿನ ದೀರ್ಘಕಾಲದ ಉರಿಯೂತವೇ ರಕ್ತದ ಮೂಲಕ ಹರಡಿ ಹೃತ್ಕರ್ಣದ ಸ್ನಾಯುವನ್ನು ನಾರುಗಟ್ಟಿಸಬಹುದು, ನಾರುಗಟ್ಟಿದ ಸ್ನಾಯುವಿನಲ್ಲಿ ಲಯ ತಪ್ಪುವುದು ಸುಲಭ ಎಂಬುದು ಈಗಿನ ತರ್ಕ. ಹಿರೋಷಿಮಾದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಟ್ರಿಯಲ್ ಫಿಬ್ರಿಲೇಷನ್‌ಗೆ ಅಬ್ಲೇಷನ್ ಎಂಬ ಚಿಕಿತ್ಸೆ ಮಾಡಿಸಿಕೊಂಡ 288 ಮಂದಿಯ ಪೈಕಿ ವಸಡಿನ ಚಿಕಿತ್ಸೆಯನ್ನೂ ಪಡೆದ 97 ಮಂದಿಯಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. ಕುತೂಹಲ ಹುಟ್ಟಿಸುವ ಫಲಿತಾಂಶವೇ ಸರಿ. ಆದರೆ ಆ 97 ಮಂದಿಯನ್ನು ಚೀಟಿ ಎತ್ತಿ ಆರಿಸಿರಲಿಲ್ಲ. ವಸಡಿನ ಆರೈಕೆಗೆ ಒಪ್ಪಿ ಬರುವವರು ಮಾತ್ರೆ, ಊಟ, ನಡಿಗೆಗಳಲ್ಲೂ ಶಿಸ್ತಿನವರಾಗಿರಬಹುದು. ಧೂಮಪಾನ, ಸಕ್ಕರೆ ಕಾಯಿಲೆಗಳು ವಸಡನ್ನೂ ಹೃದಯವನ್ನೂ ಒಟ್ಟಿಗೇ ಕೆಡಿಸುತ್ತವೆ. ವಸಡಿನ ಕಾಯಿಲೆಗೂ ಹೃದ್ರೋಗಕ್ಕೂ ನಂಟು ಕಾಣುತ್ತದೆ, ಒಂದು ಇನ್ನೊಂದಕ್ಕೆ ಕಾರಣವೆಂಬುದು ಸಾಬೀತಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿದ್ದೂ ಇಂಥ ಎಚ್ಚರದಿಂದಲೇ.

ಸಾಕ್ಷ್ಯ ನೋಡಿ ಪದ್ಧತಿ ತಿದ್ದಿಕೊಂಡ ಉದಾಹರಣೆ ಇದೇ ಚರಿತ್ರೆಯಲ್ಲಿದೆ. ಹಲ್ಲಿನ ಚಿಕಿತ್ಸೆಗೆ ಮುಂಚೆ ಹೃದ್ರೋಗಿಗಳಿಗೆ ಆಂಟಿಬಯೋಟಿಕ್ ಕೊಡಬೇಕೆಂದು ಅದೇ ಸಂಸ್ಥೆ 1955ರಲ್ಲಿ ಸೂಚಿಸಿತ್ತು. ದಿನವೂ ಅಗಿಯುವಾಗ, ಹಲ್ಲುಜ್ಜುವಾಗಲೂ ಜೀವಾಣುಗಳು ರಕ್ತ ಸೇರುತ್ತವೆಂದು ಮನವರಿಕೆಯಾದ ಮೇಲೆ, 2007ರಲ್ಲಿ ಆ ಸೂಚನೆಯನ್ನು ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ ಆದವರಂಥ ಅಪಾಯ ಹೆಚ್ಚಿರುವ ಕೆಲವರಿಗಷ್ಟೇ ಉಳಿಸಿಕೊಂಡಿತು. ಲಯ ತಪ್ಪುವ ಕಾಯಿಲೆಗೂ ಅದೇ ಅಳತೆಗೋಲು ಬೇಕು. ವಸಡಿನಿಂದ ರಕ್ತ ಬರುತ್ತಿದ್ದರೆ ವಸಡಿನ ಸಲುವಾಗಿಯೇ ಚಿಕಿತ್ಸೆ ಮಾಡಿಸಿಕೊಳ್ಳಬೇಕು. ಹೃದಯದ ಲಯ ಸರಿಹೋದೀತೆಂದು ಗಟ್ಟಿ ಹಲ್ಲು ಕೀಳಿಸುವುದಕ್ಕಾಗಲಿ, ಪಾರ್ಶ್ವವಾಯು ತಡೆಯಲು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು ದಂತವೈದ್ಯರ ಬಳಿ ಹೋಗುವ ಮುನ್ನ ಹೃದ್ರೋಗ ವೈದ್ಯರನ್ನು ಕೇಳದೆ ನಿಲ್ಲಿಸುವುದಕ್ಕಾಗಲಿ ಇಂದಿನ ಯಾವ ಸಂಶೋಧನೆಯೂ ಆಧಾರ ಕೊಡುವುದಿಲ್ಲ.